ಒಂದೂವರೆ ಗೋಣಿ

ಸೀತಾಂಗೋಳಿಯ ಗೇರುಬೀಜದ ಕಾರ್ಖಾನೆಯಲ್ಲಿ
ನನ್ನ ಕೆಲಸ, ಬೀರಾನ್ ಹಾಜಿಯವರ ಇಂಗ್ಲಿಷನ್ನು
ಬಿಸ್ಸಾವಿನ ಔಗುಸ್ತು ಮೆಂದಿಶರಿಗೆ
ಪೋರ್ಚುಗೀಸಿನಲ್ಲಿ ಮುಟ್ಟಿಸುವುದು.
ಹಾಜಿಯವರ ಇಂಗ್ಲಿಷಿನೊಳಗೆ ಮಲಯಾಳ,
ನನ್ನ ಪೋರ್ಚುಗೀಸಿನೊಳಗೆ ಕನ್ನಡ.
ಬೀಜ ಮಾತ್ರ ಬೀಜವೇ.

ನಿಘಂಟು ಕೊಚ್ಚಿಯ ರದ್ದಿ ಅಂಗಡಿಯದು,
ಮೊದಲ ಹಾಳೆಗಳು ಗೆದ್ದಲ ಪಾಲು.
ಹಾಗಾಗಿ ಆಲ್ ಇಲ್ಲ, ಎನಿ ಇಲ್ಲ, ಆಲ್‌ಮೋಸ್ಟ್ ಇಲ್ಲ.
ಎಲ್ಲ, ಯಾವುದಾದರೂ, ಹೆಚ್ಚುಕಡಿಮೆ,
ಈ ಮೂರನ್ನು ಬಿಟ್ಟು ವ್ಯಾಪಾರ ಮಾಡಿ ನೋಡಿ.

ಹೋದ ವರ್ಷ ಸಾವಿರದ ಐನೂರು ಗೋಣಿ ಎಂದು
ಅಂಕಿಯಲ್ಲಿ ಬರೆದೆ.
ಒಂದರ ಮಗ್ಗುಲಿಗೆ, ಶಾಲೆಯಲ್ಲಿ ಕಲಿತಂತೆ, ಅಲ್ಪವಿರಾಮ.
ಅಲ್ಲಿ ಅಲ್ಪವಿರಾಮವೆಂದರೆ ದಶಮಾಂಶ;
ಸಾವಿರಕ್ಕೆ ಚುಕ್ಕಿ.
ಉತ್ತರ ಬಂತು: ‘ಒಂದೂವರೆ ಗೋಣಿಗೆ ಹಡಗೇಕೆ ಸ್ವಾಮಿ,
ಆ ಕಡೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.’
ಮೂರು ದಿನ ಹಾಜಿಯವರು ನನ್ನ ಮುಖ ನೋಡಲಿಲ್ಲ.
ನಾಲ್ಕನೆಯ ದಿನ ನಕ್ಕರು.
ಈಗಲೂ ಲೋಟ ತುಂಬದಿದ್ದರೆ
‘ಇದೇನು, ಒಂದೂವರೆ ಗೋಣಿ ಚಾಯ?’

ಕೆಲವು ಸುಲಭ.
ನೂರು ಒಂಟಿಯಾಗಿದ್ದರೆ ಸೆಂ,
ಪಕ್ಕದಲ್ಲಿ ಒಂದು ಬಂದು ಕೂತರೆ ಸೆಂತು.
ನಮ್ಮ ನೂರೂ ಹಾಗೆಯೇ,
ಜೊತೆ ಸಿಕ್ಕಿದ್ದೇ ಬಾಯಗಲಿಸಿ ನೂರಾ ಆಗುತ್ತದೆ.
ನಾಲ್ಕಾರು ಮಾತ್ರ ಎಲ್ಲಿಗೂ ದಾಟುವುದಿಲ್ಲ.
ನಾಲ್ಕಾಯಿತು, ಆರಾಯಿತು,
ನಡುವಿನ ಐದನ್ನು ಕನ್ನಡದಲ್ಲಿ ಯಾರೂ ಕೇಳುವುದಿಲ್ಲ,
ಮೆಂದಿಶರು ಕೇಳುತ್ತಾರೆ.

ಇವತ್ತಿನ ಕಾಗದ ಕಷ್ಟದ್ದು.
ಹೊಸ ಯಂತ್ರ ಬಂದಿದೆ, ಕೈಯಲ್ಲಿ ಸುಲಿಯುವ ಹೆಂಗಸರು
‘ಅ ಫ್ಯೂ’ ಎಂದು ಹೇಳಿ ಬರೆಸಿದ್ದಾರೆ.
ಫ್ಯೂ ಎಂದರೆ ಇಲ್ಲವೆನ್ನುವಷ್ಟು.
ಮುಂದೊಂದು ಅ ಬಿದ್ದರೆ, ಪರವಾಗಿಲ್ಲ, ಇದ್ದಾರೆ.
ಆ ಒಂದಕ್ಷರದ ಮೇಲೆ ಒರಗಿ
ಯಾರೋ ಅಲ್ಲಿ ಕೂತಿದ್ದಾರೆ.

ಎದ್ದು ಕಿಟಕಿಯಿಂದ ಶೆಡ್ಡಿಗೆ ಇಣುಕಿದೆ.
ದೆಯ್ಯಕ್ಕು, ಕುಞಾಮಿನ, ಇಬ್ಬರು.
ಪುಷ್ಪಾವತಿ, ಮೂವರು. ನಾಲ್ವರು, ಐವರು.
ಅಲ್ಲಿಗೆ ನಮ್ಮ ಆಡುಮಾತಿನ ಉಸಿರು ಮುಗಿಯಿತು,
ಮುಂದಿನವರನ್ನು ‘ಆರು ಜನ’ ‘ಏಳು ಜನ’ ಎಂದು
ಗುಂಪಿನಲ್ಲಿ ನಿಲ್ಲಿಸಬೇಕು.
ಏಳನೆಯವಳು ಬೇಳದ ಸೆವ್ರಿನ್,
ಬೆರಳಿಗೆ ಬೂದಿ, ಬೂದಿಯ ಕೆಳಗೆ ಸೊನೆಯ ಕಪ್ಪು.

ಪೋರ್ಚುಗೀಸಿನಲ್ಲಿ ಇನ್ನೂ ಬೇಗ ಮುಗಿಯುತ್ತದೆ.
ಒಬ್ಬಳು ಹೆಣ್ಣು, ಇಬ್ಬರು ಹೆಣ್ಣು, ದುವಶ್.
ಮೂರರಿಂದ ಹೆಣ್ಣೂ ಗಂಡೂ ಒಂದೇ ಸದ್ದು.
ಮತ್ತೆ ಅದಕ್ಕೆ ಹೆಂಗಸರ ನೆನಪಾಗುವುದು
ಇನ್ನೂರು ಬಂದಾಗ: ದುಜೆಂತಶ್.

ನಾನು ಸೇರಿದ ವರ್ಷ ಈ ಶೆಡ್ಡಿನಲ್ಲಿ
ದುಜೆಂತಶ್ ಇದ್ದರು.
ಸೈರನ್ ಕೂಗಿದರೆ ಬಸ್ಸು ನಿಲ್ಲುತ್ತಿತ್ತು.

‘ಸೆತ್’ ಎಂದು ಬರೆದೆ. ಏಳು.
ಹಾಜಿಯವರು ಓದದೆ ಸಹಿ ಹಾಕಿದರು.

ಮೇಜು ಆ ಕಡೆಯವರದು, ಸಾಬೂನು ಅವರದು,
ಗೇರನ್ನೂ ಅವರೇ ತಂದು ಬಿತ್ತಿದ್ದು,
ಇಲ್ಲಿ ಕೆಲವರ ಬಾಯಲ್ಲಿ ಅದಿನ್ನೂ ಪರಂಗಿ ಅಂಡಿ.
ಅಂಕಿಯನ್ನು ಮಾತ್ರ ಯಾರೂ ಅವರಿಂದ ಕೊಳ್ಳಲಿಲ್ಲ.
ಸೆವ್ರಿನ್ ಕೂಡ ಪ್ರಾರ್ಥನೆಯ ಮಣಿ ಎಣಿಸುವುದು
ಏಕ್, ದೋನ್, ತೀನ್.

ಸಂಜೆ ಕೈ ತೊಳೆದು ಬಾಗಿಲಲ್ಲಿ ನಿಂತು ಕೇಳಿದಳು:
‘ಪಗಾರ ನಾಳೆಯೋ, ಶನಿವಾರವೋ?’
ಅವಳು ಆಡುವ ಪೋರ್ಚುಗೀಸು ಅಷ್ಟೇ,
ಅದು ಆ ಭಾಷೆಯದೆಂದು ಅವಳಿಗೆ ಗೊತ್ತಿಲ್ಲ.

ಆ ಹಾಳೆಗೆ ಗೆದ್ದಲು ಹತ್ತಿಲ್ಲ. ತೆಗೆದು ನೋಡಿದೆ.
ಪೇ: ಪಗಾರ್.
ಎಷ್ಟು ಎಂದು ಬರೆದಿಲ್ಲ.